ಮಗಳಿಗೊಂದು ಪತ್ರ: ಆ ಎರಡು ಗಂಟೆ ನಾನೆಲ್ಲಿದ್ದೆ?

ಪುಟ್ಟೀ,

ಹೊಲಿಗೆ ಬಿಚ್ಚಿದರು. ನೋವು ಅಷ್ಟೇನಿಲ್ಲ. ಗಾಬರಿಯಾಗಬೇಡ, ಪರೀಕ್ಷೆ ಮುಗಿಸಿಕೊಂಡೇ ಬಾ.

ಒಂದು ವಿಷಯ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಟೇಬಲ್ ಮೇಲೆ ಮಲಗಿಸಿ, ಅರಿವಳಿಕೆ ಡಾಕ್ಟರು 'ಒಂದರಿಂದ ಎಣಿಸ್ತಾ ಹೋಗಿ ಅಮ್ಮ' ಅಂದರು. ಒಂದು, ಎರಡು, ಮೂರು. ನಾಲ್ಕು ಅಂದೆನೋ ಇಲ್ಲವೋ, ಯಾರೋ ಕೆನ್ನೆ ತಟ್ಟಿ 'ಎಲ್ಲಾ ಮುಗೀತು' ಅಂದರು. ನಡುವೆ ಎರಡು ಗಂಟೆ ಕಳೆದಿತ್ತಂತೆ! ನಿದ್ದೆಯಾದರೆ ಇಷ್ಟು ಹೊತ್ತು ಮಲಗಿದ್ದೆ ಅನ್ನುವ ಅಂದಾಜಾದರೂ ಇರುತ್ತದೆ, ಅಲ್ವಾ? ಇಲ್ಲಿ ಅದೂ ಇಲ್ಲ. ಎದೆ ಬಡಿಯುತ್ತಿತ್ತು, ರಕ್ತ ಓಡುತ್ತಿತ್ತು. ನಾನು ಮಾತ್ರ ಇರಲಿಲ್ಲ.

ದಿನಾ ಇದನ್ನೇ ನೋಡುತ್ತಿದ್ದ ಡಾಕ್ಟರೊಬ್ಬರು ಅಮೆರಿಕದ ಅರಿಜೋನಾದಲ್ಲಿದ್ದಾರೆ, ಸ್ಟುವರ್ಟ್ ಹ್ಯಾಮರಾಫ್ ಅಂತ. ಜೀವಕೋಶದೊಳಗೆ ಮೈಕ್ರೊಟ್ಯೂಬ್ಯೂಲ್ ಅನ್ನುವ ಕೊಳವೆಗಳಿವೆ, ಬರೀ 25 ನ್ಯಾನೋಮೀಟರ್ ದಪ್ಪ. ಅರಿವಿನ ಗುಟ್ಟು ಅಲ್ಲೇ ಇದೆ ಅಂತ ಇವರ ಹಟ. ಅತ್ತ ಇಂಗ್ಲೆಂಡಿನ ಭೌತವಿಜ್ಞಾನಿ ರೋಜರ್ ಪೆನ್ರೋಸ್ 1989ರಲ್ಲೇ ಪುಸ್ತಕ ಬರೆದು, ಮನಸ್ಸು ಕಂಪ್ಯೂಟರ್ ಅಲ್ಲ, ಅದರ ಬೇರು ಅಣು-ಪರಮಾಣುಗಳ ಕ್ವಾಂಟಮ್ ಲೋಕದಲ್ಲಿದೆ ಅಂದಿದ್ದರು. ಆದರೆ ಮಿದುಳಲ್ಲಿ ಅದಕ್ಕೊಂದು ಜಾಗ ಸಿಕ್ಕಿರಲಿಲ್ಲ. ಹ್ಯಾಮರಾಫ್ ಹತ್ತಿರ ಜಾಗ ಇತ್ತು. ಜಾತಕ ಕೂಡಿತು! ಕೊಳವೆಯೊಳಗಿನ ಕ್ವಾಂಟಮ್ ಸ್ಥಿತಿಗಳು ಒಂದೇ ಹೊತ್ತಿಗೆ ಹಲವಾಗಿದ್ದು, ತಾವಾಗೇ ಒಂದಕ್ಕೆ ಕುಸಿದಾಗಲೆಲ್ಲ ಒಂದು ಕ್ಷಣದ ಅರಿವು ಮೂಡುತ್ತದೆ ಅಂತ ಇಬ್ಬರ ವಾದ.

ನೀನು ನಗುತ್ತೀಯ, ಗೊತ್ತು. 'ಮನಸ್ಸೂ ಅರ್ಥವಾಗಲ್ಲ, ಕ್ವಾಂಟಮ್ಮೂ ಅರ್ಥವಾಗಲ್ಲ, ಅದಕ್ಕೇ ಎರಡನ್ನೂ ಗಂಟು ಹಾಕೋದಾ?' ಅಂತ ಹೋದ ಸಲವೇ ಕೇಳಿದ್ದೆಯಲ್ಲ. ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2000ದಲ್ಲಿ ಲೆಕ್ಕವನ್ನೂ ಹಾಕಿ ತೋರಿಸಿದರು. ಬೆಚ್ಚಗಿನ, ಒದ್ದೆ ಮಿದುಳಲ್ಲಿ ಅಂಥ ಸ್ಥಿತಿ ಸೆಕೆಂಡಿನ 10 ಲಕ್ಷ ಕೋಟಿಯಲ್ಲಿ ಒಂದು ಪಾಲಿನೊಳಗೇ ಚದುರಿಹೋಗುತ್ತದಂತೆ. ನರಕೋಶಕ್ಕೆ ಒಂದು ಸಂಕೇತ ಕಳಿಸಲು ಮಿಲಿಸೆಕೆಂಡೇ ಬೇಕು. ಹ್ಯಾಮರಾಫ್ ಕಡೆಯವರು ಆ ಲೆಕ್ಕವೇ ಸರಿಯಿಲ್ಲ ಅಂದರು. ನನಗೂ ಟೆಗ್ಮಾರ್ಕ್ ಮಾತೇ ಜಾಸ್ತಿ ಸರಿ ಅನ್ನಿಸುತ್ತದೆ. ಕ್ವಾಂಟಮ್ ಹೆಸರಲ್ಲಿ ತಾಯತ ಮಾರುವವರನ್ನು ನೋಡಿ ಸಾಕಾಗಿದೆ.

ಆದರೂ ಹ್ಯಾಮರಾಫರನ್ನು ಸುಮ್ನೆ ತಳ್ಳಿಹಾಕಲು ಮನಸ್ಸಿಲ್ಲ. ಜೆನಾನ್ ಗೊತ್ತಲ್ಲ? ಮೂವತ್ತು ವರ್ಷ ಬೋರ್ಡ್ ಮೇಲೆ 'ಜಡ ಅನಿಲ' ಅಂತ ಬರೆದು ಪಾಠ ಮಾಡಿದವಳು ನಾನು. ಸುಲಭಕ್ಕೆ ಯಾವುದರ ಜೊತೆಗೂ ಸೇರದ ಆ ಜಡವನ್ನು ಉಸಿರಾಡಿದರೆ ಮನುಷ್ಯನ ಎಚ್ಚರ ತಪ್ಪುತ್ತದೆ. ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ, ಅದೇ ಹೆಸರು ಹೇಳುತ್ತಾ ವಾಪಸ್. ಇದು ಹೇಗೆ ಅಂತ ನಿಮ್ಮ ಮೇಷ್ಟ್ರನ್ನು ಕೇಳಿ ಬಾ.

ಹಾಂ, ನಿನ್ನೆ ಹೊಲಿಗೆ ಬಿಚ್ಚಿಸಲು ಹೋದಾಗ ಆ ಅರಿವಳಿಕೆ ಡಾಕ್ಟರು ಸಿಕ್ಕಿದ್ದರು. ಎಷ್ಟರವರೆಗೆ ಎಣಿಸಿದೆ ಅಂತ ಕೇಳಿದೆ. ಏಳರವರೆಗೂ ಸ್ಪಷ್ಟವಾಗಿ ಹೇಳಿದೆನಂತೆ.

ನಿನ್ನ
ಅಮ್ಮ