ಮೊದಲ ಬಿಲ್ಲು ಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಯಾವ ಬಿಲ್ಲು ತಗೊಳ್ಳೋದು ಅಂತ ಹೊಸಬರು ಕೇಳ್ತಾನೇ ಇದ್ದೀರಿ, ಅದಕ್ಕೇ ಇದು.

ಮೊದಲು ಎಳೆತದ ತೂಕ ನೋಡಿ, ಅಂದರೆ ಹೆದೆ ಎಳೆದು ಹಿಡಿಯೋಕೆ ಬೇಕಾದ ಬಲ. ದೊಡ್ಡವರಿಗೆ 20ರಿಂದ 25 ಪೌಂಡ್ ಸಾಕು. ಜಿಮ್‌ಗೆ ಹೋಗುವವರೂ ಸುಮ್ನೆ 40ಕ್ಕೆ ಕೈ ಹಾಕಬೇಡಿ. ಎಳೆಯುವ ಕೆಲಸ ಬೆನ್ನಿನದು, ತೋಳಿನದಲ್ಲ. ತೂಕ ಜಾಸ್ತಿಯಾದರೆ ಭುಜ ಕಿವಿಯ ಹತ್ತಿರ ಏರುತ್ತದೆ, ಕೈ ನಡುಗುತ್ತದೆ, ಗುರಿ ಕೂರುವ ಮೊದಲೇ ಬಾಣ ಹೊರಟಿರುತ್ತದೆ. ಬಿಲ್ಲಿನ ಮೇಲೆ ಬರೆದ ತೂಕ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. ನಿಮ್ಮ ಎಳೆತ ಕಡಿಮೆಯಿದ್ದರೆ ಇಂಚಿಗೆ ಸುಮಾರು 2 ಪೌಂಡ್ ಇಳಿಯುತ್ತದೆ.

ನನ್ನನ್ನು ಕೇಳಿದರೆ ಬಿಚ್ಚಿ ಜೋಡಿಸುವ ಮರದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ತಗೊಳ್ಳಿ. ಬಲ ಬಂದ ಮೇಲೆ ಲಿಂಬ್ (ಹಿಡಿಯ ಮೇಲೆ ಕೆಳಗೆ ಬಾಗುವ ಭಾಗಗಳು) ಮಾತ್ರ ಬದಲಿಸಿದರಾಯಿತು. ಸಾಧಾರಣ ಎತ್ತರದವರಿಗೆ 66 ಇಂಚು ಉದ್ದದ ಬಿಲ್ಲು ಸರಿ. ಕುದುರೆ ಸವಾರರ ಗಿಡ್ಡ ಬಿಲ್ಲು ನೋಡೋಕೆ ಚೆಂದ, ಆದರೆ ಸಣ್ಣ ತಪ್ಪನ್ನೂ ಕ್ಷಮಿಸುವುದಿಲ್ಲ. ಇಂಡಿಯನ್ ರೌಂಡ್ ಅನ್ನುವ ದೇಶೀ ಬಿಲ್ಲಿನ ಸ್ಪರ್ಧೆಗೆ ಇಳಿಯುವವರ ಲೆಕ್ಕ ಬೇರೆ, ಅಲ್ಲಿ ಬಿದಿರಿನ ಬಿಲ್ಲೇ.

ಎಡಗೈ ಬಿಲ್ಲೋ ಬಲಗೈ ಬಿಲ್ಲೋ ಅನ್ನುವ ಮೊದಲು ಗುರಿ ನೋಡುವಾಗ ನಿಮ್ಮ ಯಾವ ಕಣ್ಣಿನದು ಮೇಲುಗೈ ಅಂತ ಪರೀಕ್ಷಿಸಿಕೊಳ್ಳಿ.

ಅಂಗಡಿಯಲ್ಲಿ ಎಳೆದು ನೋಡಿ, ಆದರೆ ಬಾಣವಿಲ್ಲದೆ ಹೆದೆ ಬಿಡಬೇಡಿ. ಲಿಂಬ್ ಸೀಳಬಹುದು.