ಕಲ್ಲಿಲ್ಲದೆ ಪದ ಬರಲಿಲ್ಲ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಎರಡು ಟ್ಯಾಬ್ಲೆಟ್ ತಲುಪಿದವು. ಮಕ್ಕಳಿಗೆ ಜಾನಪದ ಕಲಿಸೋಕೆ ಎಂಥ ಆ್ಯಪ್ ಮಾಡಿಕೊಡಲಿ ಅಂತ ಕೇಳಿದ್ದೆ. ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಈ ಪತ್ರ.

ಹೋದ ವರ್ಷ ನಾನು ಶಾಲೆಯಲ್ಲಿ ಪ್ರೊಜೆಕ್ಟರ್ ಹಾಕಿ ಕಂಸಾಳೆ, ಡೊಳ್ಳು, ತೊಗಲುಗೊಂಬೆ ಎಲ್ಲ ತೋರಿಸಿದ್ದೆ. ಮಕ್ಕಳು ಖುಷಿಯಿಂದಲೇ ನೋಡಿದರು. ಮುಗಿದ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ನಮ್ಮೂರಲ್ಲಿ ಯಾಕೆ ಇಂಥದ್ದೇನೂ ಇಲ್ಲ?" ಅಂದಳು. ಅವಳ ಅಜ್ಜಿಗೆ ರಾಗಿ ಬೀಸುವಾಗ ಹಾಡೋ ಬೀಸೋ ಪದಗಳು ರಾಶಿ ಬರುತ್ತವೆ ಅನ್ನೋದು ಊರಿನ ಹಿರಿಯರಿಗೆಲ್ಲ ಗೊತ್ತು. ಮನೆಗೆ ಮಿಲ್ಲಿನ ಹಿಟ್ಟು ಬಂದ ಮೇಲೆ ಹುಟ್ಟಿದ ಮೊಮ್ಮಗಳು ಒಂದನ್ನೂ ಕೇಳಿರಲಿಲ್ಲ.

ಆ ಶನಿವಾರವೇ ಐದು ಮಕ್ಕಳ ಜೊತೆ ಅವರ ಮನೆಗೆ ಹೋದೆ. ಫೋನ್ ಮುಂದೆ ಹಿಡಿದು ಹಾಡಿ ಅಂದರೆ ಅಜ್ಜಿಗೆ ಎರಡು ಸಾಲಿನಾಚೆ ಬರಲೇ ಇಲ್ಲ. "ಕಲ್ಲಿಲ್ದಂಗೆ ಪದ ಎಲ್ಲಿಂದ ಬತ್ತೈತಪ್ಪ" ಅಂದರು. ಹಿತ್ತಲಲ್ಲಿ ಬಿದ್ದಿದ್ದ ಬೀಸೋಕಲ್ಲನ್ನು ಮಕ್ಕಳು ತೊಳೆದು ತಂದರು, ಹೊಸ ಗೂಟ ಬಡಿದೆವು, ಪಕ್ಕದ ಮನೆಯ ಅಜ್ಜಿ ಎದುರಿಗೆ ಬಂದು ಕೂತರು. ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿ ಇಬ್ಬರೂ ನಾಲ್ಕು ಸುತ್ತು ತಿರುಗಿಸಿದರು ನೋಡು, ಪದ ತಾನಾಗಿ ಎದ್ದು ಬಂತು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾ ಮುಕ್ಕಾಲು ಗಂಟೆ ಹಾಡಿದರು. ಮೊಮ್ಮಗಳು ಕಣ್ಣು ಮಿಟುಕಿಸದೆ ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು.

ಮೊದಲ ರೆಕಾರ್ಡಿಂಗಿನಲ್ಲಿ ಕಲ್ಲಿನ ಗುರ್‌ಗುರ್ ಬಿಟ್ಟರೆ ಬೇರೇನೂ ಕೇಳಲಿಲ್ಲ. ಮರುವಾರ ಫೋನನ್ನು ಮಡಿಸಿದ ಕಂಬಳಿಯ ಮೇಲೆ ಅಜ್ಜಿಯ ಭುಜದ ಹತ್ತಿರ ಇಟ್ಟೆವು, ನಡುವೆ ಕರೆ ಬರದ ಹಾಗೆ ಫ್ಲೈಟ್ ಮೋಡ್‌ಗೆ ಹಾಕಿದೆವು. ಕೇಳಿ ಬರೆದುಕೊಳ್ಳುವಾಗ ತರಗತಿಯಲ್ಲಿ ಜಗಳ. ಬೀಸೋ ಪದ ಇರೋದು ತ್ರಿಪದಿಯಲ್ಲಿ, ಅದಕ್ಕೆ ಮೂರೇ ಸಾಲು ಅಂತ ನಾನೇ ಹೇಳಿಕೊಟ್ಟಿದ್ದೆ, ಇಲ್ಲಿ ನಾಲ್ಕು ಬರುತ್ತಿತ್ತು. ಹಾಡುವಾಗ ಎರಡನೇ ಸಾಲು ಮರಳಿ ಬರುತ್ತದೆ ಅನ್ನೋದನ್ನು ಹಿಂದೆ ಮುಂದೆ ಓಡಿಸಿ ಕೇಳಿ ಮಕ್ಕಳೇ ಕಂಡುಹಿಡಿದರು. ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ವಿವರಿಸಿದ ಪಾಠ ಅದು.

ಈಗ ಕೆರೆ ಏರಿಯ ವೀರಗಲ್ಲಿಗೆ ಕೈ ಹಾಕಿದ್ದೇವೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ಹಗಲಲ್ಲಿ ಕಾಣದ ಅಕ್ಷರಗಳು ಸಂಜೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದು ನಿಲ್ಲುತ್ತವೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ತುಮಕೂರು ಜಿಲ್ಲೆಯದು 12ನೇ ಸಂಪುಟ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮ ಕಲ್ಲು ಅದರಲ್ಲಿದೆಯಾ ಅಂತ ಮಕ್ಕಳು ಟ್ಯಾಬ್ಲೆಟ್ಟಿನಲ್ಲಿ ಹುಡುಕುತ್ತಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಸಂಶೋಧನಾ ಸಂಸ್ಥೆಯವರು 2021ರಿಂದ ಅಲ್ಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರಲ್ಲ, ಅದನ್ನು ನೀನೊಮ್ಮೆ ನೋಡು. ಅಂಥ ಸ್ಕ್ಯಾನರ್ ನಮಗೆಲ್ಲಿ ಬರಬೇಕು? ಆದರೆ ಸುತ್ತಲಿಂದ ತುಂಬಾ ಫೋಟೋ ತೆಗೆದು ಜೋಡಿಸಿದರೂ 3ಡಿ ರೂಪ ಬರುತ್ತದೆ. ಆ ಕೆಲಸಕ್ಕೆ ನೀನು ಬೇಕು.

ಹಾಗಾಗಿ ಆ್ಯಪ್ ಬೇಡ ಕಣೋ. ಸೀರೆಯ ಅಂಚಿಗೆ ಸಿಕ್ಕಿಸುವಂಥ ಒಂದು ಮೈಕು, ಒಂದು ಹಾರ್ಡ್ ಡಿಸ್ಕ್ ಸಾಕು. ಆ್ಯಪ್‌ನಲ್ಲಿ ಎಲ್ಲ ಸಿದ್ಧವಾಗಿಯೇ ಬಂದುಬಿಟ್ಟರೆ ಈ ಮಕ್ಕಳು ಅಜ್ಜಿಯ ಮನೆಗೆ ಯಾಕೆ ಹೋಗಬೇಕು?

ಎಲ್ಲವನ್ನೂ ಯೂಟ್ಯೂಬಿಗೆ ಹಾಕೋಣ ಅಂತ ನೀನು ಅಂದಿದ್ದೆ. ಅಜ್ಜಿಯನ್ನು ಕೇಳಿದೆವು. ಒಪ್ಪಿದರು, ಒಂದು ಪದ ಬಿಟ್ಟು. ಅದರಲ್ಲಿ ಅತ್ತೆಮನೆಯಲ್ಲಿ ಅವರು ಪಟ್ಟ ಪಾಡಿದೆ. "ಅದು ನಂದು, ಊರಿಗೆಲ್ಲ ಬ್ಯಾಡ" ಅಂದರು. ಶಾಲೆಯ ಕಂಪ್ಯೂಟರಿನಿಂದ ಅದನ್ನು ಅಳಿಸಿದ್ದೇವೆ. ಈಗ ಅದು ಮೊಮ್ಮಗಳ ಹತ್ತಿರ ಮಾತ್ರ ಇದೆ. ದಿನಾ ರಾತ್ರಿ ಕೇಳಿಸಿಕೊಂಡು ಕಲಿಯುತ್ತಿದ್ದಾಳಂತೆ.

ದೀಪಾವಳಿ ರಜೆಗೆ ಬಾ.

ನಿನ್ನ ಗೆಳೆಯ