ಅಪ್ಪ, 9ನೇ ತಾರೀಖಿಗೆ ನೀವು ಹೋಗಬೇಡಿ

ದಿ ಹೇಗ್, ನೆದರ್ಲೆಂಡ್ಸ್
23 ನವೆಂಬರ್ 2025, ರವಿವಾರ

ತೀರ್ಥರೂಪ ಅಪ್ಪ ಅವರಿಗೆ ನಿಮ್ಮ ಮಗ ಮಲ್ಲು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಅವ್ವನಿಗೂ, ಆಯಿಗೂ. ನಾನು ಆರಾಮ ಇದ್ದೇನೆ.

ಸವಿತಾ ಬರೆದ ಪತ್ರ ಮೊನ್ನೆ ಮುಟ್ಟಿತು. "ಅವ್ವ ಹೇಳಿದ್ದು, ನಾನು ಬರೆದದ್ದು" ಅಂತ ಮೇಲೇ ಹಾಕಿದ್ದಾಳೆ, ಬೈಗುಳ ಬಂದರೆ ಇಬ್ಬರಿಗೂ ಹಂಚಿಹೋಗಲಿ ಅಂತ. ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ನಿಮಗೆ ಕಣ್ಣು ಕತ್ತಲೆ ಬಂದದ್ದು, ಚಹಾದಂಗಡಿ ಹುಡುಗ ಸಕ್ಕರೆ ನೀರು ಕುಡಿಸಿದ್ದು, ನೀವು ಮನೆಗೆ ಬಂದು ಯಾರಿಗೂ ಹೇಳದೆ ಮಲಗಿದ್ದು, ಮೂರು ದಿನ ಆದಮೇಲೆ ಬಸು ಕಾಕಾನ ಬಾಯಿಂದ ಅವ್ವನಿಗೆ ಗೊತ್ತಾದದ್ದು, ಎಲ್ಲ ಬರೆದಿದ್ದಾಳೆ. ಡಾಕ್ಟರು ಆ್ಯಂಜಿಯೋಗ್ರಾಮ್ ಮಾಡಿಸಿ ಅಂದರೆ ನೀವು "ಹೊಲದ ಪರಿಹಾರದ ಕೇಸ್ ಮುಗೀಲಿ, ಆಮೇಲೆ ನೋಡೋಣ" ಅಂದಿರಂತೆ.

ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ, ಊಟ ಆತಾ" ಅಂತ ಎರಡು ಮಾತಾಡಿ ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಸವಿತಾ, ಪೂರ್ತಿ ಓದಿ ಹೇಳು. ನಡುವೆ ಎದ್ದು ಹೋದರೆ ಹಿಂದೆಯೇ ಹೋಗಿ ಓದು.

ಮೊದಲು ನನ್ನ ಸುದ್ದಿ ಮುಗಿಸಿಬಿಡುತ್ತೇನೆ. ನನಗೆ ಏನೂ ಕಡಿಮೆ ಇಲ್ಲ. ಚಳಿ ಇದೆ, ದಪ್ಪ ಕೋಟೂ ಇದೆ. ಈ ಊರಿನಲ್ಲಿ ದಕ್ಷಿಣ ಅಮೆರಿಕದ ಸುರಿನಾಮದಿಂದ ಬಂದ ಹಿಂದೂಸ್ತಾನಿಗಳು ಜಾಸ್ತಿ. ಅವರ ಮುತ್ತಜ್ಜಂದಿರು 1873ರಿಂದ ಬಿಹಾರ, ಉತ್ತರ ಪ್ರದೇಶದ ಕಡೆಯಿಂದ ಹಡಗು ಹತ್ತಿ ತೋಟದ ಕೂಲಿಗೆ ಹೋದವರು. ಅವರ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಹಳೇ ಹಿಟ್ಟು, ಜಿಗುಟಿಲ್ಲ, ರೊಟ್ಟಿ ಬಡಿದರೆ ಅಂಚು ಒಡೆಯುತ್ತದೆ. ಆದರೂ ಜೋಳ ಜೋಳವೇ.

ಕೆಲಸ ಅದೇ ಗಾಜಿನ ಮನೆಯಲ್ಲಿ. ಮಣ್ಣಿಲ್ಲದೆ ಟೊಮೆಟೊ ಹೇಗೆ ಬೆಳೀತೀರಿ ಅಂತ ಕೇಳಿದ್ದಿರಿ. ಕಲ್ಲು ಕರಗಿಸಿ, ಎಳೆ ತೆಗೆದು, ಹತ್ತಿಯ ಹಾಗೆ ಮಾಡಿದ ದಿಂಡು ಇರುತ್ತದೆ. ಬೇರು ಅದರಲ್ಲಿ. ಗೊಬ್ಬರ ಹನಿ ನೀರಿನಲ್ಲೇ ಬರುತ್ತದೆ. ಬಳ್ಳಿ ದಾರ ಹಿಡಿದು ಮೇಲೆ ಹೋಗುತ್ತದೆ. ಹೂವು ಕಾಯಿಕಟ್ಟಲು ದಪ್ಪ ದುಂಬಿಗಳನ್ನು ಪೆಟ್ಟಿಗೆಯಲ್ಲಿ ಕೊಂಡು ತರುತ್ತಾರೆ. ದುಂಬಿಗೂ ಬಿಲ್ ಬರುತ್ತದೆ ಅಪ್ಪ. ಧಾರವಾಡದಲ್ಲಿ ಕೃಷಿ ಓದಿಸಿದ್ದು ದುಂಬಿ ಲೆಕ್ಕ ಇಡೋಕಾ ಅಂತ ಅವ್ವ ಕೇಳಬಹುದು. ಹೌದು ಅನ್ನಿ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಬೆಳಗ್ಗೆ ವಸ್ತಿ ಬಸ್ ಹತ್ತಿ ಕೋರ್ಟಿಗೆ ಹೋದ ದಿನ ನಾನು ಇಲ್ಲಿಂದ ಮೊಬೈಲಿನಲ್ಲಿ ಕೇಸ್ ನೋಡುತ್ತಿದ್ದೆ. ಇ-ಕೋರ್ಟ್ ಆ್ಯಪಿನಲ್ಲಿ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಎಲ್ಲ ಕಾಣುತ್ತದೆ. ಮುಂದಿನ ತಾರೀಖು ಡಿಸೆಂಬರ್ 9 ಅಂತ ಬಂತು. ಅಂದರೆ ನೀವು ಬಸ್‌ಸ್ಟ್ಯಾಂಡಿನಲ್ಲಿ ಬೆವರುತ್ತ ಕೂತಿದ್ದಾಗ, ಇಷ್ಟು ದೂರ ಕೂತ ನನಗೆ ತಾರೀಖು ಮುಂದೆ ಹೋದದ್ದು ಗೊತ್ತಿತ್ತು. ನಿಮಗೆ ಕಣ್ಣು ಕತ್ತಲೆ ಬಂದದ್ದು ಮಾತ್ರ ಗೊತ್ತಿರಲಿಲ್ಲ. ಅದಕ್ಕೆ ಆ್ಯಪ್ ಇಲ್ಲವಲ್ಲ.

ಸಾಕ್ಷಿ ಹೇಳುವ ದಿನ ಬಿಟ್ಟರೆ ಪ್ರತಿ ತಾರೀಖಿಗೂ ನೀವೇ ಬರಬೇಕಿಲ್ಲ ಅಂತ ವಕೀಲರು ನನಗೆ ಬಾಯಿಬಿಟ್ಟು ಹೇಳಿದ್ದಾರೆ. ಇದು ಸಿವಿಲ್ ಕೇಸ್. ಅವರು ನಿಂತರೆ ನೀವು ನಿಂತ ಹಾಗೆ. ನೀವು ಅವರ ಮಾತಿಗೆ ಹೂಂ ಅಂದು, ಮರುದಿನ ಐದಕ್ಕೇ ಎದ್ದು ಟೊಪ್ಪಿಗೆ ಹಾಕಿಕೊಳ್ಳುತ್ತೀರಿ. ಅದೂ ಉಪವಾಸ! ತೀರ್ಪು ಬರುವವರೆಗೆ ತಾರೀಖಿನ ದಿನ ಅನ್ನ ಮುಟ್ಟುವುದಿಲ್ಲ ಅಂತ ಹನುಮಪ್ಪನಿಗೆ ಹರಕೆ ಹೊತ್ತದ್ದು ನನಗೆ ಈಗ ಗೊತ್ತಾಯಿತು. ಶುಗರ್ ಇದ್ದವರು ಹೊರುವ ಹರಕೆಯಾ ಇದು?

ಸಿಟ್ಟು ಬಿಡಿ. ನಾನೂ ಬಿಡುತ್ತೇನೆ. ನೀವು ಯಾಕೆ ಇಷ್ಟು ಹಟ ಹಿಡಿದಿರಿ ಅಂತ ಗೊತ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಹೊಸ ದರ ಹೇಳಿತು. ಆಲಮಟ್ಟಿಯ ನೀರು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿದರೆ ಮುಳುಗುವ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ. ನಮ್ಮದು ಮೊದಲ ಸುತ್ತಿನಲ್ಲೇ ಹೋದ ಎರಿ ಹೊಲ. ಆಗ ಕೊಟ್ಟದ್ದನ್ನು ನೀವು ಇವತ್ತಿಗೂ ಬಾಯಿಬಿಟ್ಟು ಹೇಳುವುದಿಲ್ಲ, ಕೈ ಮಾತ್ರ ಹೀಗೆ ಅಲ್ಲಾಡಿಸುತ್ತೀರಿ. ಪೇಪರಿನಲ್ಲಿ 40 ಲಕ್ಷ ಓದಿದ ಮೇಲೆ ನಿಮಗೆ ನಿದ್ದೆ ಹೇಗೆ ಬಂದೀತು.

ಅಂದಹಾಗೆ, ಕಳೆದ ತಿಂಗಳು ಒಂದು ಜಾಗಕ್ಕೆ ಹೋಗಿದ್ದೆ. ಈ ದೇಶದಲ್ಲಿ ನಿಮಗೆ ತೋರಿಸಬೇಕು ಅನ್ನಿಸಿದ್ದು ಅದೊಂದೇ. ಸ್ಖೋಕ್‌ಲ್ಯಾಂಡ್ ಅಂತ. ರೈಲಿನಲ್ಲಿ ಕಾಂಪೆನ್, ಅಲ್ಲಿಂದ ಬಸ್ಸಿನಲ್ಲಿ ಎನ್ಸ್ ಅನ್ನುವ ಹಳ್ಳಿ, ಆಮೇಲೆ ನಡಿಗೆ. ಎರಡೂ ಕಡೆ ಹೊಲ, ಮಧ್ಯೆ ಗೆರೆ ಎಳೆದ ಹಾಗೆ ರಸ್ತೆ. ಹೊಲದ ಅಂಚಿನಲ್ಲಿ ಸಕ್ಕರೆ ಬೀಟ್‌ನ ರಾಶಿ, ಮನೆ ಎತ್ತರ. ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಿರುತ್ತದಲ್ಲ, ಇಲ್ಲಿ ಈ ರಾಶಿ ಲಾರಿಗೆ ಕಾಯುತ್ತದೆ. ಯಾರೂ ನೋಡುತ್ತಿಲ್ಲ ಅಂತ ಒಂದು ಗಡ್ಡೆಯನ್ನು ಉಗುರಿನಿಂದ ಗೀರಿ ನೆಕ್ಕಿದೆ. ಸಿಹಿಯೇನೋ ಇದೆ, ಜೊತೆಗೆ ಮಣ್ಣಿನ ವಾಸನೆ. ನಮ್ಮ ಕಬ್ಬಿನ ಕಾಲ ಧೂಳಿಗೂ ಬಾರದು. (ಕಬ್ಬಿನ ಟನ್ನಿಗೆ 3,500 ಕೇಳಿ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತ ರೈತರಿಗೆ 3,300 ಅಂತ ಆಯಿತಂತೆ. ಕಾಕಾ ಏನಂದ?)

ಸ್ಖೋಕ್‌ಲ್ಯಾಂಡ್ ಮೊದಲು ಸಮುದ್ರದ ನಡುವಿನ ನಡುಗಡ್ಡೆ. ಅಲೆ ಹೊಡೆದು ಹೊಡೆದು ನೆಲ ಕರಗುತ್ತಿತ್ತು. 1859ರಲ್ಲಿ ರಾಜನ ಆಜ್ಞೆ ಬಂತು, ಎಲ್ಲರೂ ಊರು ಬಿಡಬೇಕು. ಆರುನೂರು ಚಿಲ್ಲರೆ ಜನ. ಮನೆ ಕೆಡವಿ, ಗಂಟು ಕಟ್ಟಿಕೊಂಡು ಎದುರು ದಂಡೆಯ ಊರುಗಳಿಗೆ ಹೋದರು. ಮುಂದೆ 1932ರಲ್ಲಿ ಇವರು ಸಮುದ್ರಕ್ಕೇ 32 ಕಿ.ಮೀ. ಒಡ್ಡು ಕಟ್ಟಿದರು. ಆಮೇಲೆ ಒಳಗೊಂದು ಒಡ್ಡು ಹಾಕಿ, ನೀರನ್ನು ಪಂಪಿನಿಂದ ಎತ್ತಿ ಹೊರಗೆ ಚೆಲ್ಲಿದರು. 1942ಕ್ಕೆ ಸುತ್ತಲಿನ ನೆಲ ಒಣಗಿ ಹೊಲವಾಯಿತು. ನಡುಗಡ್ಡೆ ಈಗ ಹೊಲಗಳ ನಡುವೆ ಒಂದು ದಿಬ್ಬ.

ದಿಬ್ಬದ ಅಂಚಿಗೆ ಅಲೆ ತಡೆಯೋಕೆ ನಿಲ್ಲಿಸಿದ ಮರದ ಗೂಟಗಳ ಸಾಲು ಇದೆ. ಕಪ್ಪಗಾಗಿದೆ, ಸಂದಿಯಲ್ಲಿ ಪಾಚಿ. ಗೂಟದ ಆಚೆ ಸಮುದ್ರ ಇರಬೇಕಾದ ಕಡೆ ಹುಲ್ಲು. ಒಂದು ಗೂಟದ ಮೇಲೆ ಕೈ ಇಟ್ಟುಕೊಂಡು ಎಷ್ಟೋ ಹೊತ್ತು ನಿಂತೆ. ನಮ್ಮ ಹನುಮಪ್ಪನ ಗುಡಿ ಕಟ್ಟೆ ನೆನಪಾಯಿತು. ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ನೀವು ಹೋಗಿ ಅದರ ಮೇಲೆ ಕೂತು ಬರುತ್ತೀರಿ. ಹಳೇ ಮನೆಯಿಂದ ಕಿತ್ತು ತಂದು ಹೊಸ ಮನೆಗೆ ಹಚ್ಚಿದ ಬಾಗಿಲ ಚೌಕಟ್ಟೂ ನೆನಪಾಯಿತು. ಗಿಡ್ಡ ಚೌಕಟ್ಟು, ಬಂದವರೆಲ್ಲ ಹಣೆ ಬಡಿಸಿಕೊಳ್ಳುತ್ತಾರೆ, ಆದರೂ ನೀವು ಬದಲಿಸಲು ಬಿಡುವುದಿಲ್ಲ. ಇಲ್ಲಿಗೆ ಬಂದಿದ್ದರೆ ನೀವು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು: "ಈ ಮಂದಿಗೆ ಪರಿಹಾರ ಎಷ್ಟು ಕೊಟ್ಟರು?"

ವಾಪಸ್ ಬರುವಾಗ ಅರ್ಧ ನಿಮಿಷಕ್ಕೆ ಬಸ್ ತಪ್ಪಿತು. ಡ್ರೈವರ್ ನನ್ನ ಮುಖ ನೋಡಿದ, ಓಡುತ್ತಿರುವುದನ್ನೂ ನೋಡಿದ, ಹೋದ. ಮುಂದಿನದಕ್ಕೆ ಒಂದು ತಾಸು ಗಾಳಿಯಲ್ಲಿ ನಿಂತೆ. ಇವರ ಟೈಮ್ ಪಾಲನೆ ಅಂತ ಎಲ್ಲರೂ ಹೊಗಳುತ್ತಾರೆ. ನಮ್ಮ ಟಂಟಂ ತುಂಬುವವರೆಗೆ ಹೊರಡುವುದಿಲ್ಲ, ಖರೆ. ಆದರೆ ದೂರದಿಂದ ಒಂದು ಕೂಗು ಹಾಕಿದರೆ ನಿಲ್ಲುತ್ತದೆ. ಇದನ್ನು ಇಲ್ಲಿ ಹೇಳಿದರೆ ನಗುತ್ತಾರೆ. ನಗಲಿ.

ಸವಿತಾಳ ಪತ್ರದ ಕೊನೆಗೆ ನೀವೇ ಒಂದು ಸಾಲು ಬರೆದಿದ್ದೀರಿ: "ನಿಮ್ಮೂರ ಕೋರ್ಟು ರಷ್ಯಾಕ್ಕೆ ಯುದ್ಧ ನಿಲ್ಲಿಸು ಅಂದಿತ್ತಲ್ಲ, ಏನಾಯಿತು?" ಎದೆ ಹಿಡಿದುಕೊಂಡು ಮಲಗಿದವರಿಗೆ ಇದರ ಚಿಂತೆ!

ಏನೂ ಆಗಲಿಲ್ಲ. 2022ರ ಮಾರ್ಚ್ 16ಕ್ಕೆ, ಉಕ್ರೇನ್ ಮೇಲಿನ ಯುದ್ಧ ನಿಲ್ಲಿಸು ಅಂತ, ಇಲ್ಲಿನ ಅಂತರರಾಷ್ಟ್ರೀಯ ನ್ಯಾಯಾಲಯದ ಆದೇಶ ಬಂತು. 13 ನ್ಯಾಯಾಧೀಶರು ನಿಲ್ಲಿಸಬೇಕು ಅಂದರು, ಇಬ್ಬರು ಒಪ್ಪಲಿಲ್ಲ. ಒಬ್ಬರು ರಷ್ಯಾದವರು, ಇನ್ನೊಬ್ಬರು ಚೀನಾದವರು. ನಮ್ಮ ದಲವೀರ್ ಭಂಡಾರಿಯವರು 13ರ ಕಡೆ. ದಿಲ್ಲಿ ಮಾತ್ರ ವಿಶ್ವಸಂಸ್ಥೆಯಲ್ಲಿ ಯಾರ ಕಡೆಗೂ ಕೈ ಎತ್ತದೆ ಕೂತಿತ್ತು. ರಷ್ಯಾ ಕೇಳಲಿಲ್ಲ. ಅಮೆರಿಕವೇನು ಕಡಿಮೆ? ನಿಕರಾಗುವಾ ಅನ್ನುವ ಬಡ ದೇಶದ ಬಂದರಿಗೆ ಬಾಂಬ್ ಇಟ್ಟದ್ದು ತಪ್ಪು, ಪರಿಹಾರ ಕೊಡಿ ಅಂತ 1986ರಲ್ಲಿ ಇದೇ ಕೋರ್ಟು ಹೇಳಿತು. ಅಮೆರಿಕ ಆ ತೀರ್ಪನ್ನು ಒಪ್ಪಲೇ ಇಲ್ಲ. ಭದ್ರತಾ ಮಂಡಳಿಗೆ ಹೋದರೆ ಅಲ್ಲಿ ವೀಟೋ ಹಾಕಿತು. ಅಲ್ಲಿ ಐದು ದೊಡ್ಡ ದೇಶಗಳಿಗೆ ಆ ಹಕ್ಕಿದೆ. ತನ್ನ ಮೇಲಿನ ದೂರಿಗೆ ತಾನೇ ಬೇಡ ಅನ್ನಬಹುದು. ಕೊನೆಗೆ ನಿಕರಾಗುವಾದಲ್ಲಿ ಬೇರೆ ಸರ್ಕಾರ ಬಂದು, 1991ರಲ್ಲಿ ಕೇಸನ್ನೇ ಹಿಂದಕ್ಕೆ ತೆಗೆದುಕೊಂಡಿತು.

ನಮ್ಮಲ್ಲಿ ಹಾಗಲ್ಲ ಅಪ್ಪ. ನಮ್ಮಲ್ಲಿ ತೀರ್ಪಾದ ಮೇಲೂ ಪರಿಹಾರ ಬರದಿದ್ದರೆ ದರಖಾಸ್ತು ಹಾಕಬಹುದು. ಬೇಲಿಫ್ ಹೋಗಿ ಆಫೀಸಿನ ಕುರ್ಚಿ, ಕಂಪ್ಯೂಟರ್, ಸಾಹೇಬರ ಜೀಪು ಜಪ್ತಿ ಮಾಡಿಕೊಂಡು ಬರುತ್ತಾನೆ. ಕುರ್ಚಿ ಹೊತ್ತೊಯ್ಯುವ ಫೋಟೊ ಪೇಪರಿನಲ್ಲಿ ಬಂದಾಗ ನೀವು ನಕ್ಕದ್ದು ನೆನಪಿದೆ. ಅಮೆರಿಕದ ಕುರ್ಚಿ ಜಪ್ತಿ ಮಾಡುವ ಬೇಲಿಫ್ ಇನ್ನೂ ಹುಟ್ಟಿಲ್ಲ. ಆ ಲೆಕ್ಕಕ್ಕೆ ನಿಮ್ಮ ಕೇಸೇ ಗಟ್ಟಿ. ನಿಧಾನ ಅಷ್ಟೇ.

ಹಾಗಾದರೆ ಈ ಕೋರ್ಟು ಯಾಕೆ ಬೇಕು ಅಂತೀರಿ. ಜುಲೈ 23ಕ್ಕೆ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಕಾರ್ನೆಗಿ ಅನ್ನುವ ಉಕ್ಕಿನ ಸಾಹುಕಾರ ಕೊಟ್ಟ ದುಡ್ಡಿನಲ್ಲಿ ಕಟ್ಟಿ 1913ರಲ್ಲಿ ತೆರೆದ ಅರಮನೆ. ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರೂ 1952ರಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದರು. (ಇದನ್ನು ಕೆಲಸದವರಿಗೆಲ್ಲ ಹೇಳಿ ಆಗಿದೆ.) ಒಳಗೆ ಜಾಗ ಸಿಗಲಿಲ್ಲ. ಗೇಟಿನ ಹೊರಗೆ ನಿಂತು ಮೊಬೈಲಿನಲ್ಲಿ ನೋಡಿದೆ. ಹವಾಮಾನದ ಕೇಸ್. ವನುವಾಟು ಅನ್ನುವ ಪುಟ್ಟ ದ್ವೀಪ ದೇಶ ಮುಂದೆ ನಿಂತು, ಸಮುದ್ರ ಏರಿ ನಮ್ಮ ನೆಲ ಹೋಗುತ್ತಿದೆ, ಹೊಗೆ ಬಿಟ್ಟವರ ಹೊಣೆ ಏನು ಹೇಳಿ ಅಂತ ಕೇಳಿಸಿತ್ತು. ಈಗಿರುವ ಒಪ್ಪಂದಗಳೇ ಸಾಕು ಅಂತ ದೊಡ್ಡ ದೇಶಗಳು ವಾದಿಸಿದ್ದವು. ನಮ್ಮ ದೇಶವೂ ಅದನ್ನೇ ಹೇಳಿತ್ತು, ಮುಚ್ಚಿಟ್ಟು ಏನು ಮಾಡಲಿ. ಅಧ್ಯಕ್ಷರು ಸುಮಾರು ಎರಡು ತಾಸು ಓದಿದರು. 15 ಜನರದ್ದೂ ಒಂದೇ ಮಾತು: ಹೊಣೆ ಇದೆ. ಅದು ಸಲಹೆ ಅಷ್ಟೇ, ಯಾರ ಕುರ್ಚಿಯೂ ಜಪ್ತಿಯಾಗುವುದಿಲ್ಲ.

ನನ್ನ ಪಕ್ಕ ದ್ವೀಪದ ಕಡೆಯ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಓದುವುದು ಮುಗಿಯುವವರೆಗೆ ಚೀಲವನ್ನೂ ಕೆಳಗಿಡಲಿಲ್ಲ. ನೀವೂ ಹಾಗೇ ಅಲ್ವಾ, ಕೋರ್ಟಿನಲ್ಲಿ ಹೆಸರು ಕೂಗುವವರೆಗೆ ಬುತ್ತಿ ಚೀಲ ಕಂಕುಳಲ್ಲೇ. ನಮ್ಮೂರ ಹೆಸರನ್ನು ಅವರು ಓದುವಾಗ ನಾನು ಅಲ್ಲಿರಬೇಕು ಅಂತ ನೀವು ಒಂದು ಸಲ ಅಂದಿದ್ದಿರಿ. ಆಗ ನನಗೆ ಹಟ ಅನ್ನಿಸಿತ್ತು. ಆ ದಿನ ಹಾಗನ್ನಿಸಲಿಲ್ಲ.

ಆದರೆ ಅವಳು ಊಟ ಮಾಡಿ ಬಂದಿದ್ದಳು ಅಪ್ಪ. ನಿಮ್ಮ ಬುತ್ತಿ ಚೀಲದಲ್ಲಿ ಬರೀ ಕಾಗದ.

ಅದಕ್ಕೆ ಹೀಗೆ ಮಾಡೋಣ. ಆ್ಯಂಜಿಯೋಗ್ರಾಮ್ ಅಂದರೆ ಆಪರೇಷನ್ ಅಲ್ಲ. ಕೈಯ ರಕ್ತನಾಳದಿಂದ ಸಣ್ಣ ನಳಿಗೆ ಹಾಕಿ, ಬಣ್ಣ ಬಿಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಾರೆ. ಎಚ್ಚರವೇ ಇರುತ್ತದೆ. ಸಾಮಾನ್ಯವಾಗಿ ಒಂದು ತಾಸೂ ಹಿಡಿಯುವುದಿಲ್ಲ. ಏನೂ ಇರುವುದಿಲ್ಲ, ಸುಮ್ನೆ ನೋಡಿಸುವುದು ಅಷ್ಟೇ. ಏನೂ ಇರುವುದಿಲ್ಲ ಅಂತ ನನಗೆ ಖಾತ್ರಿ ಇದೆ. ದುಡ್ಡು ಕಳಿಸಿದ್ದೇನೆ, ಸವಿತಾಳ ಖಾತೆಗೆ. ಮಗನ ದುಡ್ಡು ಬೇಡ, ಪರಿಹಾರ ಬರಲಿ ಅಂತ ಮತ್ತೆ ಶುರು ಮಾಡಬೇಡಿ. ಸಾಲ ಅಂತ ಬರೆದಿಟ್ಟುಕೊಳ್ಳಿ ಬೇಕಾದರೆ, ಬಡ್ಡಿಯನ್ನೂ ಹಾಕಿ.

9ನೇ ತಾರೀಖಿಗೆ ವಕೀಲರು ಒಬ್ಬರೇ ನಿಲ್ಲಲಿ. ಹೋಗಲೇಬೇಕು ಅಂದರೆ ಬಸು ಕಾಕಾ ಹೋಗಿ ಕೂತು, ಕೂಗಿದ್ದನ್ನು ಕೇಳಿ ಬರಲಿ. ಹರಕೆಯ ವಿಷಯ ಆಯಿಯನ್ನು ಕೇಳಿ. ಅಪ್ಪನ ಹರಕೆಯನ್ನು ಮಗ ಹೊರಬಹುದು ಅಂತ ಅವಳೇ ಹಿಂದೆ ಹೇಳಿದ್ದಳು. ಅವತ್ತು ಇಲ್ಲಿ ನಾನು ಅನ್ನ ಮುಟ್ಟುವುದಿಲ್ಲ. ನೀವು ಗುಳಿಗೆ ನುಂಗಿ, ರೊಟ್ಟಿ ತಿನ್ನಿ. ಅವ್ವ, ಎದುರು ಕೂತು ತಿನ್ನಿಸು.

ನಾಳೆ ಆರಕ್ಕೇ ಪಾಳಿ, ಬಟ್ಟೆ ಇನ್ನೂ ಒದ್ದೆ ಇವೆ. ನಾನು ಆರಾಮ ಇದ್ದೇನೆ, ನನ್ನ ಚಿಂತೆ ಬೇಡ. ಸವಿತಾ, ಆಸ್ಪತ್ರೆಯ ಚೀಟಿಯ ಫೋಟೊ ಇವತ್ತೇ ಹಾಕು. ಚೀಟಿಯ ಎರಡೂ ಬದಿ.

ನಿಮ್ಮ ಮಗ,
ಮಲ್ಲು